ಟಾರ್‌ಬಾಲ್‌ನಿಂದ ಪ್ಯಾಕೇಜ್‌ವರೆಗೆ: ನಡುವಿನ ಮೂವತ್ತು ಸಾಲು

ಕಾನ್ಫಿಗರ್, ಮೇಕ್, ಸುಡೋ ಮೇಕ್ ಇನ್‌ಸ್ಟಾಲ್. ಲಿನಕ್ಸ್ ಮುಟ್ಟಿದವರಿಗೆಲ್ಲ ಈ ಮೂರು ಕಮಾಂಡ್ ಬಾಯಿಪಾಠ. ಎಷ್ಟೋ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗಳ ರೀಡ್‌ಮೀ ತೆಗೆದರೆ ಇದೇ ಮೂರು ಸಾಲು ಸಿಗುತ್ತೆ. ಟೈಪ್ ಮಾಡ್ತೀವಿ, ಸ್ಕ್ರೀನ್ ಮೇಲೆ ಅರ್ಥವಾಗದ ಸಾಲುಗಳು ಓಡುತ್ತವೆ, ಕೊನೆಗೆ ಎರರ್ ಬರದಿದ್ದರೆ ಸಾಕಪ್ಪಾ ಅಂತ ಟರ್ಮಿನಲ್ ಮುಚ್ಚುತ್ತೀವಿ.

ತಲೆನೋವು ಶುರುವಾಗೋದು ಆಮೇಲೆ. ಮೇಕ್ ಇನ್‌ಸ್ಟಾಲ್ ಅಂದರೆ ಕೆಲವು ಫೈಲುಗಳನ್ನು ಸಿಸ್ಟಂನ ಬೇರೆ ಬೇರೆ ಫೋಲ್ಡರ್‌ಗಳಿಗೆ ಕಾಪಿ ಮಾಡೋದು, ಅಷ್ಟೇ. ಎಲ್ಲೆಲ್ಲಿಗೆ ಕಾಪಿ ಆಯ್ತು ಅನ್ನೋ ಪಟ್ಟಿಯನ್ನು ಸಿಸ್ಟಂ ಇಟ್ಟುಕೊಳ್ಳಲ್ಲ. ತೆಗೆಯಬೇಕು ಅಂದಾಗ ಮೇಕ್ ಅನ್‌ಇನ್‌ಸ್ಟಾಲ್ ಕೆಲವು ಪ್ರಾಜೆಕ್ಟ್‌ಗಳಲ್ಲಿ ಇರುತ್ತೆ, ಕೆಲವದರಲ್ಲಿ ಇರಲ್ಲ. ಇದ್ದರೂ ಆ ಹಳೇ ಸೋರ್ಸ್ ಫೋಲ್ಡರ್ ನಿಮ್ಮ ಹತ್ತಿರ ಇನ್ನೂ ಇರಬೇಕು. ಯಾರು ಇಟ್ಟಿರ್ತಾರೆ ಹೇಳಿ?

ಲ್ಯಾಬ್ ಮಷೀನ್‌ಗಳಲ್ಲಿ ಇದು ಇನ್ನೂ ಮಜಾ. ಯಾವ ಕಾಲೇಜಿಗೆ ಹೋದರೂ, ಪಾಸಾಗಿ ಹೋದ ಯಾರೋ ಸೀನಿಯರ್ ಕೈಯಾರೆ ಕಂಪೈಲ್ ಮಾಡಿಟ್ಟ ಒಂದು ಸಾಫ್ಟ್‌ವೇರ್ ಇದ್ದೇ ಇರುತ್ತೆ. ಹನ್ನೆರಡನೇ ಮಷೀನ್‌ನಲ್ಲಿ ಓಡುತ್ತೆ, ಹದಿಮೂರನೇದರಲ್ಲಿ ಓಡಲ್ಲ. ಯಾವ ವರ್ಷನ್, ಯಾವ ಆಪ್ಷನ್ ಕೊಟ್ಟು ಮಾಡಿದ್ದು, ಮಧ್ಯೆ ಕೋಡ್‌ನಲ್ಲಿ ಏನಾದರೂ ತಿದ್ದಿದ್ದರಾ, ಯಾವುದಕ್ಕೂ ಉತ್ತರ ಇಲ್ಲ. ಆ ಸೀನಿಯರ್‌ಗೆ ಈಗ ಫೋನ್ ಮಾಡಿ ಕೇಳಿದರೆ ಅವರಿಗೂ ನೆನಪಿರಲ್ಲ. ಮಾಡಿದ ಕೆಲಸ ಯಾವುದೋ ಮಷೀನ್‌ನ ಬಾಷ್ ಹಿಸ್ಟರಿಯಲ್ಲಿ ಇತ್ತು, ಅದನ್ನೂ ಯಾರೋ ಫಾರ್ಮ್ಯಾಟ್ ಮಾಡಿರ್ತಾರೆ.

ಬಿಲ್ಡ್ ಸ್ಕ್ರಿಪ್ಟ್ ಅಂದರೆ ಈ ಕೆಲಸವನ್ನೆಲ್ಲ ಬರೆದಿಟ್ಟ ಒಂದು ಫೈಲ್. ಸೋರ್ಸ್ ಎಲ್ಲಿಂದ ತರಬೇಕು, ತಂದದ್ದು ಅದೇನಾ ಅಂತ ಹೇಗೆ ನೋಡಬೇಕು, ಕಂಪೈಲ್ ಮಾಡೋಕೆ ಏನೇನು ಬೇಕು, ಓಡೋಕೆ ಏನೇನು ಬೇಕು, ಸಿಕ್ಕ ಫೈಲುಗಳನ್ನು ಹೇಗೆ ಕಟ್ಟಿಡಬೇಕು, ಎಲ್ಲ ಅದರಲ್ಲಿ. ಅಡುಗೆ ಪುಸ್ತಕದ ಹಾಗೆ ಅನ್ನಬಹುದು. ಆದರೆ ಅಡುಗೆ ಪುಸ್ತಕದಲ್ಲಿ ‘ಉಪ್ಪು ರುಚಿಗೆ ತಕ್ಕಷ್ಟು’ ಅಂತ ಬರೆದು ಪಾರಾಗಬಹುದು, ಇಲ್ಲಿ ಆಗಲ್ಲ. ಬಾಷ್‌ಗೆ ನಾಲಿಗೆ ಇಲ್ಲ.

ಪ್ರತಿ ಡಿಸ್ಟ್ರೋಗೂ ಇದಕ್ಕೆ ತನ್ನದೇ ರೂಪ. ಡೆಬಿಯನ್ ಮತ್ತು ಉಬುಂಟುನಲ್ಲಿ ಸೋರ್ಸ್ ಪಕ್ಕ ಡೆಬಿಯನ್ ಅನ್ನೋ ಫೋಲ್ಡರ್, ಅದರೊಳಗೆ ರೂಲ್ಸ್ ಅನ್ನೋ ಒಂದು ಮೇಕ್‌ಫೈಲ್. ಫೆಡೋರಾದಲ್ಲಿ ಸ್ಪೆಕ್ ಫೈಲ್, ಜೆಂಟೂನಲ್ಲಿ ಇಬಿಲ್ಡ್, ಸ್ಲ್ಯಾಕ್‌ವೇರ್‌ನಲ್ಲಿ ಸ್ಲ್ಯಾಕ್‌ಬಿಲ್ಡ್, ಆರ್ಚ್‌ನಲ್ಲಿ ಪಿಕೆಜಿಬಿಲ್ಡ್. ನಾವು ಈ ಲೇಖನಕ್ಕೆ ಆರ್ಚ್‌ನದ್ದನ್ನು ತಗೊಂಡಿದ್ದೀವಿ. ಅದು ಬರೀ ಬಾಷ್, ಹೊಸ ಭಾಷೆ ಕಲಿಯೋದು ಬೇಡ, ಅದೊಂದೇ ಕಾರಣ. (‘ನಾನು ಆರ್ಚ್ ಯೂಸ್ ಮಾಡ್ತೀನಿ’ ಅಂತ ಹೇಳಿಕೊಳ್ಳೋಕೆ ಅಲ್ಲ, ಪ್ರಾಮಿಸ್.) ಇನ್ನೊಂದು ಮಾತು: ಕಮಾಂಡ್‌ಗಳ ಹೆಸರನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೀವಿ. ಕೀಬೋರ್ಡ್‌ನಲ್ಲಿ ಇಂಗ್ಲಿಷ್‌ನಲ್ಲೇ ಹೊಡೀರಿ, ಮತ್ತೆ ನಮ್ಮನ್ನ ಬೈಬೇಡಿ.

ಉದಾಹರಣೆಗೆ ಐಕಾರಸ್ ವೆರಿಲಾಗ್ ಇರಲಿ. ಇ.ಸಿ. ಬ್ರಾಂಚ್‌ನವರಿಗೆ ಪರಿಚಯ ಬೇಡ. ಉಳಿದವರಿಗೆ, ಇದು ವೆರಿಲಾಗ್ ಕೋಡ್ ಓಡಿಸಿ ನೋಡೋ ಸಿಮ್ಯುಲೇಟರ್. ಆಪ್ಟ್‌ನಲ್ಲೇ ಸಿಗುತ್ತಲ್ಲ ಅಂತೀರಿ. ಸಿಗುತ್ತೆ, ಆದರೆ ಉಬುಂಟು 20.04 ಹಾಕಿರೋ ಮಷೀನ್‌ನಲ್ಲಿ ಸಿಗೋದು 10.3. ನಿಮ್ಮ ಪ್ರಾಜೆಕ್ಟ್‌ಗೆ 12.0 ಬೇಕು ಅಂದರೆ ಸೋರ್ಸೇ ಗತಿ.

ಪಿಕೆಜಿಬಿಲ್ಡ್‌ನ ಮೇಲಿನ ಅರ್ಧ ಬರೀ ವೇರಿಯಬಲ್‌ಗಳು. ಪಿಕೆಜಿನೇಮ್‌ನಲ್ಲಿ ಹೆಸರು, ಪಿಕೆಜಿವರ್‌ನಲ್ಲಿ ಮೂಲ ಪ್ರಾಜೆಕ್ಟ್‌ನ ವರ್ಷನ್, ಪಿಕೆಜಿರೆಲ್‌ನಲ್ಲಿ ನಮ್ಮ ಸ್ಕ್ರಿಪ್ಟ್‌ನ ಎಷ್ಟನೇ ಸಲ ಅನ್ನೋ ನಂಬರ್. ಈ ಕೊನೇದನ್ನ ತುಂಬಾ ಜನ ಅರ್ಥ ಮಾಡಿಕೊಳ್ಳದೆ ಯಾವಾಗಲೂ 1 ಅಂತ ಬಿಡ್ತಾರೆ. ಸೋರ್ಸ್ ಅದೇ ಇದ್ದು, ನಾವು ಕಂಪೈಲ್ ಮಾಡೋ ರೀತಿ ಮಾತ್ರ ಬದಲಾದರೆ ಪಿಕೆಜಿವರ್ ಹಾಗೇ ಇರುತ್ತೆ, ಪಿಕೆಜಿರೆಲ್ 2 ಆಗುತ್ತೆ. ಅಂದರೆ 12.0-1 ಮತ್ತು 12.0-2 ಒಂದೇ ಸೋರ್ಸ್, ಎರಡು ಬೇರೆ ಅಡುಗೆ. ಈ ಚಿಕ್ಕ ನಂಬರ್ ಒಂದು ದೊಡ್ಡ ಕಥೆಯಲ್ಲಿ ಬರುತ್ತೆ, ಮುಂದೆ ಹೇಳ್ತೀವಿ.

ಐಕಾರಸ್‌ನವರು ಗಿಟ್‌ನಲ್ಲಿ ಟ್ಯಾಗ್ ಹಾಕೋದು ‘ವಿ12_0’ ಅಂತ, ಚುಕ್ಕಿ ಜಾಗದಲ್ಲಿ ಅಂಡರ್‌ಸ್ಕೋರ್. ನಮ್ಮ ಪಿಕೆಜಿವರ್ 12.0. ಹಾಗಾಗಿ ಸೋರ್ಸ್ ಲಿಂಕ್ ಬರೆಯುವಾಗ ಚುಕ್ಕಿಯನ್ನು ಅಂಡರ್‌ಸ್ಕೋರ್ ಮಾಡೋ ಬಾಷ್‌ನ ಸಣ್ಣ ಟ್ರಿಕ್ ಬೇಕು. ಸುಮ್ಮನೆ 12 ಅಂತ ಲಿಂಕ್‌ನಲ್ಲೇ ಬರೆದುಬಿಟ್ಟರೆ ಇವತ್ತು ಕೆಲಸ ಆಗುತ್ತೆ, ಮುಂದಿನ ವರ್ಷನ್ ಬಂದಾಗ ಎರಡು ಮೂರು ಕಡೆ ತಿದ್ದಬೇಕಾಗುತ್ತೆ, ಒಂದು ಕಡೆ ಮರೆತುಹೋಗುತ್ತೆ.

ಆಮೇಲೆ ಚೆಕ್‌ಸಮ್. ಇಳಿಸಿಕೊಂಡ ಟಾರ್‌ಬಾಲ್‌ನ ಎಸ್‌ಎಚ್‌ಎ-256 ಹ್ಯಾಶ್ ಅನ್ನು ಸ್ಕ್ರಿಪ್ಟ್‌ನಲ್ಲೇ ಬರೆದಿಡಬೇಕು. ಒಂದು ಬೈಟ್ ಬದಲಾದರೂ ಮೇಕ್‌ಪಿಕೆಜಿ ‘ಆಗಲ್ಲ’ ಅಂತ ನಿಂತುಬಿಡುತ್ತೆ. ಅಲ್ಲಿ ‘ಸ್ಕಿಪ್’ ಅಂತ ಬರೆದು ದಾಟಿಸೋಕೂ ಬರುತ್ತೆ. ಗಿಟ್‌ನಿಂದ ನೇರ ತರುವಾಗ ಅದು ಸರಿ, ಟಾರ್‌ಬಾಲ್‌ಗೆ ಹಾಗೆ ಬರೆದವರನ್ನ ನಾವು ನಂಬಲ್ಲ. 2023ರ ಜನವರಿ ಕೊನೆಯಲ್ಲಿ ಒಂದು ತಮಾಷೆ ಆಯ್ತು. ಗಿಟ್‌ಹಬ್ ತಾನೇ ತಯಾರಿಸಿ ಕೊಡೋ ಟಾರ್‌ಬಾಲ್‌ಗಳನ್ನು ಕಂಪ್ರೆಸ್ ಮಾಡೋ ವಿಧಾನ ಬದಲಾಯ್ತು. ಒಳಗಿನ ಕೋಡ್‌ನ ಒಂದಕ್ಷರ ಬದಲಾಗಿರಲಿಲ್ಲ, ಆದರೆ ಹೊರಗಿನ ಜಿಪ್‌ನ ಬೈಟ್‌ಗಳು ಬದಲಾದವು, ಹ್ಯಾಶ್‌ಗಳು ಬದಲಾದವು, ಎಲ್ಲೆಲ್ಲೋ ಬಿಲ್ಡ್‌ಗಳು ಬಿದ್ದವು. ಗಲಾಟೆ ನೋಡಿ ಗಿಟ್‌ಹಬ್ ಹಳೇ ವಿಧಾನಕ್ಕೇ ವಾಪಸ್ ಹೋಯ್ತು. ಬಿಲ್ಡ್ ಬಿದ್ದದ್ದು ಕಿರಿಕಿರಿ ನಿಜ, ಆದರೆ ಅಷ್ಟೊಂದು ಸ್ಕ್ರಿಪ್ಟ್‌ಗಳು ಒಂದೇ ದಿನ ‘ಇದು ನಾನು ನೋಡಿದ ಫೈಲ್ ಅಲ್ಲ’ ಅಂತ ಕೂಗಿದ್ದು ನಮಗೆ ಖುಷಿ ಕೊಡೋ ವಿಷಯ. ಅವು ಮಾಡಬೇಕಾದ ಕೆಲಸವೇ ಅದು.

ಕೆಳಗಿನ ಅರ್ಧದಲ್ಲಿ ಫಂಕ್ಷನ್‌ಗಳು: ಪ್ರಿಪೇರ್, ಬಿಲ್ಡ್, ಚೆಕ್, ಪ್ಯಾಕೇಜ್.

ಗಿಟ್‌ಹಬ್‌ನಿಂದ ಬಂದ ಐಕಾರಸ್ ಸೋರ್ಸ್‌ನಲ್ಲಿ ಕಾನ್ಫಿಗರ್ ಅನ್ನೋ ಫೈಲೇ ಇರಲ್ಲ. ಅದನ್ನು ಹುಟ್ಟಿಸೋಕೆ ಅವರೇ ಆಟೋಕಾನ್ಫ್ ಡಾಟ್ ಎಸ್‌ಎಚ್ ಅನ್ನೋ ಸ್ಕ್ರಿಪ್ಟ್ ಇಟ್ಟಿದ್ದಾರೆ. ಅದು ಜಿಪರ್ಫ್ ಅನ್ನೋ ಟೂಲ್ ಬಳಸಿ ವೆರಿಲಾಗ್ ಕೀವರ್ಡ್‌ಗಳ ಹ್ಯಾಶ್ ಟೇಬಲ್ ಕೋಡನ್ನೂ ಹುಟ್ಟಿಸುತ್ತೆ. ಇದು ಪ್ರಿಪೇರ್‌ಗೆ ಹೋಗುತ್ತೆ. ಹಾಗಾದರೆ ಆಟೋಕಾನ್ಫ್, ಜಿಪರ್ಫ್, ಬೈಸನ್, ಫ್ಲೆಕ್ಸ್ ಇವೆಲ್ಲ ಬೇಕು, ಆದರೆ ಕಂಪೈಲ್ ಮಾಡುವಾಗ ಮಾತ್ರ. ಸಿಮ್ಯುಲೇಟರ್ ಓಡಿಸೋ ಹುಡುಗನಿಗೆ ಬೈಸನ್ ಯಾಕೆ? ಅದಕ್ಕೇ ಎರಡು ಪಟ್ಟಿ: ಮೇಕ್‌ಡಿಪೆಂಡ್ಸ್ ಮತ್ತು ಡಿಪೆಂಡ್ಸ್. ಮದುವೆ ಮನೆಯಲ್ಲಿ ಅಡುಗೆಯವರಿಗೆ ಬೇಕಾದ ಕೊಳಗ, ಸೌಟು ಬೇರೆ, ಊಟಕ್ಕೆ ಕೂತವರಿಗೆ ಬೇಕಾದ ಎಲೆ, ನೀರಿನ ಲೋಟ ಬೇರೆ. ಅಷ್ಟೇ ವ್ಯತ್ಯಾಸ.

ಬಿಲ್ಡ್ ಫಂಕ್ಷನ್‌ನಲ್ಲಿ ಕಾನ್ಫಿಗರ್‌ಗೆ ಪ್ರಿಫಿಕ್ಸ್ ಯುಎಸ್‌ಆರ್ ಅಂತ ಕೊಟ್ಟು ಮೇಕ್ ಓಡಿಸ್ತೀವಿ. ಇಲ್ಲಿ ಸದ್ದಿಲ್ಲದೆ ಕೈ ಕೊಡೋ ಒಂದು ವಿಷಯ ಇದೆ. ಕಾನ್ಫಿಗರ್ ನಿಮ್ಮ ಮಷೀನ್‌ನಲ್ಲಿ ಏನೇನಿದೆ ಅಂತ ಹುಡುಕುತ್ತೆ. ಕೆಲವು ಲೈಬ್ರರಿ ಇಲ್ಲ ಅಂದರೆ ಎರರ್ ಕೊಟ್ಟು ನಿಲ್ಲುತ್ತೆ. ಕೆಲವು ಇಲ್ಲ ಅಂದರೆ ‘ನೋ’ ಅಂತ ಒಂದು ಸಾಲು ಪ್ರಿಂಟ್ ಮಾಡಿ ಸುಮ್ಮನೆ ಮುಂದೆ ಹೋಗುತ್ತೆ. ಐಕಾರಸ್‌ಗೆ ರೀಡ್‌ಲೈನ್ ಆ ಜಾತಿಯದ್ದು. ಇದ್ದರೆ ವಿವಿಪಿಯ ಇಂಟರ್‌ಆಕ್ಟಿವ್ ಪ್ರಾಂಪ್ಟ್‌ನಲ್ಲಿ ಬಳಸಿಕೊಳ್ಳುತ್ತೆ, ಇಲ್ಲದಿದ್ದರೆ ಇಲ್ಲ. ಒಂದೇ ಸ್ಕ್ರಿಪ್ಟ್, ಒಂದೇ ಸೋರ್ಸ್, ಇಬ್ಬರ ಲ್ಯಾಪ್‌ಟಾಪ್, ಎರಡು ಬೇರೆ ಬೇರೆ ಪ್ಯಾಕೇಜ್! ಹನ್ನೆರಡು ಮತ್ತು ಹದಿಮೂರನೇ ಮಷೀನ್‌ನ ಜಗಳಕ್ಕೆ ಎಷ್ಟೋ ಸಲ ಇದೇ ಕಾರಣ. ಜೆಂಟೂ ಮಂದಿ ಇಂಥವನ್ನ ‘ಆಟೋಮ್ಯಾಜಿಕ್’ ಡಿಪೆಂಡೆನ್ಸಿ ಅಂತ ಕರೀತಾರೆ, ಹೊಗಳಿಕೆಯಾಗಿ ಅಲ್ಲ.

ಇದಕ್ಕೆ ಮದ್ದು ಅಂದರೆ ನಿಮ್ಮ ಮಷೀನ್‌ನಲ್ಲಿ ಬಿಲ್ಡ್ ಮಾಡದೇ ಇರೋದು. ಆರ್ಚ್‌ನಲ್ಲಿ ಕ್ಲೀನ್ ಕ್ರೂಟ್, ಡೆಬಿಯನ್‌ನಲ್ಲಿ ಎಸ್‌ಬಿಲ್ಡ್ ಅಥವಾ ಪಿಬಿಲ್ಡರ್. ಮೂಲ ಐಡಿಯಾ ಒಂದೇ: ಖಾಲಿ ಮನೆ ಕಟ್ಟು, ಸ್ಕ್ರಿಪ್ಟ್‌ನ ಪಟ್ಟಿಯಲ್ಲಿ ಇರೋದನ್ನ ಮಾತ್ರ ಒಳಗೆ ತಾ, ಅಲ್ಲಿ ಕಂಪೈಲ್ ಮಾಡು. ಪಟ್ಟಿಯಲ್ಲಿ ಬರೆಯೋಕೆ ಬಿಟ್ಟದ್ದು ಅಲ್ಲಿ ಇರೋದೇ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಆಗೋ ಬಿಲ್ಡ್ ಅಲ್ಲಿ ಹೋಗಿ ‘ಫ್ಲೆಕ್ಸ್ ಎಲ್ಲಿ?’ ಅಂತ ಕೇಳಿದಾಗಲೇ ಸ್ಕ್ರಿಪ್ಟ್ ನಿಜವಾಗಿ ಪೂರ್ತಿ ಇದೆಯಾ ಅಂತ ಗೊತ್ತಾಗೋದು.

ಚೆಕ್ ಫಂಕ್ಷನ್ ಬಗ್ಗೆ ಹೆಚ್ಚು ಹೇಳೋಕಿಲ್ಲ. ಐಕಾರಸ್‌ನಲ್ಲಿ ಮೇಕ್ ಚೆಕ್ ಒಂದು ಪುಟ್ಟ ಹಲೋ ವರ್ಲ್ಡ್ ವೆರಿಲಾಗ್ ಫೈಲನ್ನು ಕಂಪೈಲ್ ಮಾಡಿ ಓಡಿಸಿ ನೋಡುತ್ತೆ. ಚಿಕ್ಕದು, ಆದರೂ ಹಾಕಿ.

ಪ್ಯಾಕೇಜ್ ಫಂಕ್ಷನ್ ಇಡೀ ವಿಷಯದ ಹೃದಯ. ಅದರಲ್ಲಿ ಇರೋದು ಸಾಮಾನ್ಯವಾಗಿ ಒಂದೇ ಸಾಲು: ಮೇಕ್ ಇನ್‌ಸ್ಟಾಲ್, ಜೊತೆಗೆ ಡೆಸ್ಟ್‌ಡಿರ್ ಅನ್ನೋ ವೇರಿಯಬಲ್‌ಗೆ ಒಂದು ಖಾಲಿ ಫೋಲ್ಡರ್‌ನ ದಾರಿ. ಆಗ ಮೇಕ್ ಇನ್‌ಸ್ಟಾಲ್ ಫೈಲುಗಳನ್ನು ನಿಜವಾದ ಸಿಸ್ಟಂಗೆ ಹಾಕೋದಿಲ್ಲ. ಆ ಖಾಲಿ ಫೋಲ್ಡರ್ ಒಳಗೆ ಯುಎಸ್‌ಆರ್, ಅದರೊಳಗೆ ಬಿನ್, ಲಿಬ್ ಅಂತ ಸಿಸ್ಟಂನ ಒಂದು ಆಟದ ಮನೆ ಕಟ್ಟಿ ಅಲ್ಲಿ ಹಾಕುತ್ತೆ. ಮೇಕ್‌ಪಿಕೆಜಿ ಅದನ್ನು ಕಂಪ್ರೆಸ್ ಮಾಡಿ ಒಂದು ಫೈಲ್ ಮಾಡುತ್ತೆ. ಅದೇ ಪ್ಯಾಕೇಜ್. ಪ್ಯಾಕ್‌ಮ್ಯಾನ್ ಅದನ್ನು ಬಿಚ್ಚಿ ಇನ್‌ಸ್ಟಾಲ್ ಮಾಡುವಾಗ ಪ್ರತಿ ಫೈಲ್‌ನ ಹೆಸರನ್ನೂ ತನ್ನ ಡೇಟಾಬೇಸ್‌ನಲ್ಲಿ ಬರೆದುಕೊಳ್ಳುತ್ತೆ. ತೆಗೀ ಅಂದರೆ ಅದೇ ಪಟ್ಟಿ ನೋಡಿ ತೆಗೆಯುತ್ತೆ. ಮೊದಲು ಹೇಳಿದ ‘ಎಲ್ಲೆಲ್ಲಿಗೆ ಕಾಪಿ ಆಯ್ತು’ ಪ್ರಶ್ನೆಗೆ ಉತ್ತರ ಇಷ್ಟೇ ಸರಳ.

ಹಾಗಾದರೆ ಪ್ರಿಫಿಕ್ಸ್‌ಗೇ ಆ ಖಾಲಿ ಫೋಲ್ಡರ್‌ನ ದಾರಿ ಕೊಟ್ಟರೆ ಆಗಲ್ವಾ? ತುಂಬಾ ಜನ ಕೇಳೋ ಪ್ರಶ್ನೆ ಇದು. ಆಗಲ್ಲ. ಪ್ರಿಫಿಕ್ಸ್ ಅಂದರೆ ‘ನಾನು ಬದುಕೋ ಜಾಗ’, ಡೆಸ್ಟ್‌ಡಿರ್ ಅಂದರೆ ‘ಸದ್ಯಕ್ಕೆ ನನ್ನನ್ನ ಇಡೋ ಜಾಗ’. ಐವೆರಿಲಾಗ್ ಓಡುವಾಗ ಯುಎಸ್‌ಆರ್ ಲಿಬ್ ಒಳಗಿನ ಐವಿಎಲ್ ಫೋಲ್ಡರ್‌ನಿಂದ ತನ್ನ ಉಳಿದ ಭಾಗಗಳನ್ನು ಎತ್ತಿಕೊಳ್ಳುತ್ತೆ. ಆ ದಾರಿ ಕಂಪೈಲ್ ಆಗುವಾಗಲೇ ಬೈನರಿ ಒಳಗೆ ಅಚ್ಚಾಗಿ ಹೋಗಿರುತ್ತೆ. ಪ್ರಿಫಿಕ್ಸ್‌ಗೆ ನಿಮ್ಮ ಹೋಮ್ ಫೋಲ್ಡರ್ ಒಳಗಿನ ಬಿಲ್ಡ್ ಜಾಗ ಕೊಟ್ಟಿದ್ದರೆ, ಬೇರೆ ಯಾರದೋ ಮಷೀನ್‌ನಲ್ಲಿ ಇನ್‌ಸ್ಟಾಲ್ ಆದ ಮೇಲೂ ಅದು ನಿಮ್ಮ ಹೋಮ್ ಫೋಲ್ಡರನ್ನೇ ಹುಡುಕುತ್ತಾ ಕೂರುತ್ತೆ. ನಿಮ್ಮ ಮಷೀನ್‌ನಲ್ಲಿ ಮಾತ್ರ ಸರಿಯಾಗಿ ಓಡುತ್ತೆ, ಅದೇ ಅದರ ಮೋಸ.

ಗಮನಿಸಿ, ಇಷ್ಟರಲ್ಲಿ ಎಲ್ಲೂ ಸುಡೋ ಬಂದಿಲ್ಲ. ಮೇಕ್‌ಪಿಕೆಜಿಯನ್ನು ರೂಟ್ ಆಗಿ ಓಡಿಸೋಕೆ ಹೋದರೆ ಅದು ಒಪ್ಪೋದೇ ಇಲ್ಲ. ಪ್ಯಾಕೇಜ್ ಒಳಗಿನ ಫೈಲುಗಳ ಓನರ್ ರೂಟ್ ಆಗಿರಬೇಕಲ್ಲ ಅಂದರೆ, ಅದಕ್ಕೆ ಫೇಕ್‌ರೂಟ್ ಅನ್ನೋ ನಾಟಕದ ವೇಷ ಇದೆ: ಪ್ರೋಗ್ರಾಂ ‘ನಾನು ಯಾರು?’ ಅಂತ ಕೇಳಿದರೆ ‘ನೀನು ರೂಟ್’ ಅಂತ ಸುಳ್ಳು ಹೇಳುತ್ತೆ, ನಿಜವಾದ ಅಧಿಕಾರ ಏನೂ ಕೊಡಲ್ಲ. ಇಷ್ಟು ಹಠ ಯಾಕೆ ಅನ್ನೋರಿಗೆ 2011ರ ಬಂಬಲ್‌ಬೀ ಕಥೆ ಗೊತ್ತಿರಲಿ. ಎನ್‌ವಿಡಿಯಾ ಆಪ್ಟಿಮಸ್ ಲ್ಯಾಪ್‌ಟಾಪ್‌ಗಳಿಗೆ ಬರೆದ ಆ ಪ್ರಾಜೆಕ್ಟ್‌ನ ಇನ್‌ಸ್ಟಾಲ್ ಸ್ಕ್ರಿಪ್ಟ್‌ನಲ್ಲಿ ಒಂದು ಆರ್‌ಎಂ ಕಮಾಂಡ್ ಇತ್ತು. ಅಳಿಸಬೇಕಾಗಿದ್ದು ಯುಎಸ್‌ಆರ್ ಒಳಗಿನ ಯಾವುದೋ ಆಳದ ಫೋಲ್ಡರ್. ಯುಎಸ್‌ಆರ್ ಆದ ಮೇಲೆ ಒಂದು ಸ್ಪೇಸ್ ಜಾಸ್ತಿ ಬಿದ್ದಿತ್ತು. ಒಂದೇ ಒಂದು ಸ್ಪೇಸ್! ಸ್ಕ್ರಿಪ್ಟ್ ರೂಟ್ ಆಗಿ ಓಡಿತು, ಇಡೀ ಯುಎಸ್‌ಆರ್ ಹೋಯ್ತು. ಡೆಸ್ಟ್‌ಡಿರ್ ಮತ್ತು ಫೇಕ್‌ರೂಟ್ ಒಳಗೆ ಅದೇ ಸಾಲು ಓಡಿದ್ದರೆ ‘ಪರ್ಮಿಷನ್ ಡಿನೈಡ್’ ಅಂತ ಬಂದು ನಿಲ್ಲುತ್ತಿತ್ತು.

ಇಲ್ಲಿಗೆ ಹೇಗೆ ಬರೆಯೋದು ಅನ್ನೋದು ಮುಗೀತು. ಆದರೆ ನಾವು ಈ ವಿಷಯ ಎತ್ತಿಕೊಂಡ ನಿಜವಾದ ಕಾರಣ ಬೇರೆ.

ಓಪನ್ ಸೋರ್ಸ್ ಅಂದರೆ ಯಾರು ಬೇಕಾದರೂ ಕೋಡ್ ಓದಬಹುದು, ಅದಕ್ಕೇ ಸೇಫ್ ಅಂತ ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಸರಿ, ಓದಬಹುದು. ಆದರೆ ಮಷೀನ್ ಓಡಿಸೋದು ಓದೋ ಕೋಡನ್ನಲ್ಲ, ಬೈನರಿಯನ್ನ. ಓದೋಕೆ ಆಗೋ ಸೋರ್ಸ್ ಒಂದು ದಡ, ಯಾರೂ ಓದದ ಬೈನರಿ ಇನ್ನೊಂದು ದಡ. ಮಧ್ಯದ ಸೇತುವೆ ಈ ಬಿಲ್ಡ್ ಸ್ಕ್ರಿಪ್ಟ್. ಕೆಟ್ಟದ್ದು ಮಾಡೋರಿಗೂ ಇದು ಚೆನ್ನಾಗಿ ಗೊತ್ತು.

2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಎಂಜಿನಿಯರ್ ಒಂದು ಸುದ್ದಿ ಹೊರಗೆ ಹಾಕಿದರು. ಅವರು ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಕೆಲಸ ಮಾಡೋರು. ಅವರ ಟೆಸ್ಟ್ ಮಷೀನ್‌ನಲ್ಲಿ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್‌ನಷ್ಟು ನಿಧಾನವಾಗಿತ್ತು. ನಾವಾಗಿದ್ದರೆ ವೈಫೈ ಸರಿ ಇಲ್ಲ ಅಂತ ಬಿಟ್ಟುಬಿಡ್ತಿದ್ವಿ. ಅವರು ಬೆನ್ನು ಹತ್ತಿದರು. ಸಿಕ್ಕಿದ್ದು ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಲೈಬ್ರರಿಯ 5.6.0 ಮತ್ತು 5.6.1 ವರ್ಷನ್‌ಗಳಲ್ಲಿ ಅಡಗಿಸಿಟ್ಟ ಹಿಂಬಾಗಿಲು.

ಅದನ್ನು ಅಡಗಿಸಿದ ರೀತಿ ನೋಡಿ. ಗಿಟ್‌ನಲ್ಲಿ ಇದ್ದ ಸಿ ಕೋಡ್ ಓದಿದರೆ ಹಿಂಬಾಗಿಲು ಕಾಣೋದಿಲ್ಲ. ಅದರ ಭಾಗಗಳು ಟೆಸ್ಟ್‌ಗೆ ಅಂತ ಇಟ್ಟ ‘ಹಾಳಾದ’ ಕಂಪ್ರೆಸ್ಡ್ ಫೈಲುಗಳ ಒಳಗಿದ್ದವು. ಹಾಳಾದ ಫೈಲ್ ಅಂದ ಮೇಲೆ ಒಳಗೆ ಕಸ ಇದ್ದರೆ ಯಾರು ಕೇಳ್ತಾರೆ? ಆ ಕಸವನ್ನು ಬಿಚ್ಚಿ ಓಡಿಸೋ ಸಾಲು ಇದ್ದದ್ದು ಒಂದು ಎಂ-ಫೋರ್ ಫೈಲ್‌ನಲ್ಲಿ, ಅಂದರೆ ಕಾನ್ಫಿಗರ್ ಹುಟ್ಟಿಸೋಕೆ ಬಳಸೋ ಫೈಲ್. ಅದು ಗಿಟ್‌ನಲ್ಲಿ ಇರಲಿಲ್ಲ, ರಿಲೀಸ್ ಅಂತ ಕೊಟ್ಟ ಟಾರ್‌ಬಾಲ್‌ನಲ್ಲಿ ಮಾತ್ರ ಇತ್ತು. ಕಾನ್ಫಿಗರ್ ಓಡಿದಾಗ ಅದು ಎದ್ದು ಕೂತು ಸುತ್ತ ನೋಡ್ತಿತ್ತು: ಇದು 64 ಬಿಟ್ ಲಿನಕ್ಸಾ? ಪಕ್ಕದಲ್ಲಿ ಡೆಬಿಯನ್ ಫೋಲ್ಡರ್ ಒಳಗೆ ರೂಲ್ಸ್ ಫೈಲ್ ಇದೆಯಾ, ಅಥವಾ ಆರ್‌ಪಿಎಂ ಬಿಲ್ಡ್ ನಡೀತಿದೆಯಾ? ಇದ್ದರೆ ಮಾತ್ರ ತನ್ನ ಕೆಲಸ. ಯಾರೋ ಸುಮ್ಮನೆ ಮನೆಯಲ್ಲಿ ಕಂಪೈಲ್ ಮಾಡಿ ನೋಡಿದರೆ ಬರೋದು ಶುದ್ಧ ಬೈನರಿ. ಅದು ಹುಡುಕುತ್ತಿದ್ದದ್ದೇ ಪ್ಯಾಕೇಜ್ ಮಾಡೋರನ್ನ, ಯಾಕೆಂದರೆ ಅವರ ಕೈಯಿಂದ ಹೊರಟದ್ದು ಲಕ್ಷಗಟ್ಟಲೆ ಮಷೀನ್‌ಗೆ ಹೋಗುತ್ತೆ.

ಎಕ್ಸ್‌ಝಡ್‌ಗೂ ಎಸ್‌ಎಸ್‌ಎಚ್‌ಗೂ ಏನು ಸಂಬಂಧ? ಮೂಲ ಓಪನ್‌ಎಸ್‌ಎಸ್‌ಎಚ್‌ಗೆ ಇಲ್ಲ. ಡೆಬಿಯನ್, ಫೆಡೋರಾಗಳು ಸಿಸ್ಟಂಡಿಗೆ ‘ನಾನು ರೆಡಿ’ ಅಂತ ತಿಳಿಸೋಕೆ ಒಂದು ಪ್ಯಾಚ್ ಹಾಕಿದ್ದವು, ಅದರಿಂದ ಸಿಸ್ಟಂಡಿ ಲೈಬ್ರರಿ ಬಂತು, ಅದರ ಬೆನ್ನಿಗೆ ಎಕ್ಸ್‌ಝಡ್‌ನ ಲೈಬ್ರರಿ ಬಂತು. ಆರ್ಚ್‌ನಲ್ಲಿ ಆ ಪ್ಯಾಚ್ ಇರಲಿಲ್ಲ. ಡಿಪೆಂಡೆನ್ಸಿ ಪಟ್ಟಿ ಅಂದರೆ ಬೋರ್ ಅನ್ನಿಸೋದು ಸಹಜ, ಆದರೆ ಒಂದು ಕಡೆ ಬಾಗಿಲು ಇತ್ತು, ಇನ್ನೊಂದು ಕಡೆ ಇರಲಿಲ್ಲ ಅನ್ನೋ ವ್ಯತ್ಯಾಸ ಇದ್ದದ್ದು ಅಲ್ಲೇ.

ಈಗ ಒಂದು ಕಹಿ ಪ್ರಶ್ನೆ. ಆ ಟಾರ್‌ಬಾಲ್‌ಗೆ ಚೆಕ್‌ಸಮ್ ಹೊಂದುತ್ತಿತ್ತಾ? ಹೊಂದುತ್ತಿತ್ತು. ಅದನ್ನು ಬಿಡುಗಡೆ ಮಾಡಿದ್ದೇ ಪ್ರಾಜೆಕ್ಟ್‌ನ ಮೇಂಟೇನರ್ ಆಗಿ ಒಳಗೆ ಸೇರಿಕೊಂಡಿದ್ದ ವ್ಯಕ್ತಿ. ಚೆಕ್‌ಸಮ್ ಹೇಳೋದು ‘ನಾವೆಲ್ಲ ಒಂದೇ ಫೈಲ್ ತಗೊಂಡಿದ್ದೀವಿ’ ಅಂತ ಮಾತ್ರ, ‘ಫೈಲ್ ಒಳ್ಳೇದು’ ಅಂತ ಅಲ್ಲ. ಆರ್ಚ್‌ನವರು ಇದಕ್ಕೆ ಕೊಟ್ಟ ಉತ್ತರ 5.6.1-2. ಪಿಕೆಜಿವರ್ ಅದೇ, ಪಿಕೆಜಿರೆಲ್ 1ರಿಂದ 2. ಟಾರ್‌ಬಾಲ್ ಬಿಟ್ಟು ನೇರ ಗಿಟ್‌ನಿಂದ ಸೋರ್ಸ್ ತಂದು, ಕಾನ್ಫಿಗರನ್ನು ತಾವೇ ಹುಟ್ಟಿಸಿ ಕಂಪೈಲ್ ಮಾಡಿದರು. ಆ ಕೊನೇ ನಂಬರ್‌ಗೆ ಎಷ್ಟು ತೂಕ ಇರಬಹುದು ಅಂತ ಇದರಲ್ಲಿ ಗೊತ್ತಾಗುತ್ತೆ. ನಮಗೂ ಅಲ್ಲಿಂದಲೇ ಪಾಠ: ಐಕಾರಸ್‌ನ ಹಾಗೆ ಕಾನ್ಫಿಗರನ್ನು ನಾವೇ ಹುಟ್ಟಿಸಬೇಕಾಗಿ ಬಂದರೆ ಬೇಜಾರು ಮಾಡ್ಕೋಬೇಡಿ, ಅದು ಒಳ್ಳೇದೇ.

ಯಾವಾಗಲೂ ಕಳ್ಳರೇ ಬೇಕಾಗಿಲ್ಲ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್‌ಗೆ ಒಂದು ಪ್ಯಾಚ್ ಬಂತು. ವ್ಯಾಲ್‌ಗ್ರೈಂಡ್ ಟೂಲ್ ‘ಇನಿಷಿಯಲೈಸ್ ಆಗದ ಮೆಮೊರಿ’ ಅಂತ ವಾರ್ನಿಂಗ್ ಕೊಡ್ತಿತ್ತು. ವಾರ್ನಿಂಗ್ ಹೋಗಲಿ ಅಂತ ಒಳ್ಳೇ ಮನಸ್ಸಿನಿಂದಲೇ ಎರಡು ಸಾಲು ಕಾಮೆಂಟ್ ಮಾಡಿದರು. ಅದರಲ್ಲಿ ಒಂದು, ರ‍್ಯಾಂಡಮ್ ನಂಬರ್‌ಗೆ ಬೇಕಾದ ಬೀಜವನ್ನು ಸೇರಿಸೋ ಸಾಲು. ಉಳಿದದ್ದು ಪ್ರೊಸೆಸ್ ಐಡಿಯ ರ‍್ಯಾಂಡಮ್‌ತನ ಮಾತ್ರ. ಅಂದರೆ ಒಂದೊಂದು ಬಗೆಯ ಮಷೀನ್‌ಗೆ, ಒಂದೊಂದು ಅಳತೆಯ ಕೀಗೆ, ಸಾಧ್ಯವಿದ್ದದ್ದು 32,768ರ ಆಸುಪಾಸು ಕೀಗಳಷ್ಟೇ. ಒಂದು ಲ್ಯಾಪ್‌ಟಾಪ್‌ನಲ್ಲಿ ಕೂತು ಎಲ್ಲವನ್ನೂ ಟ್ರೈ ಮಾಡಬಹುದು. ಇದು ಹೊರಗೆ ಬಂದದ್ದು 2008ರ ಮೇ 13ರಂದು. ಅಷ್ಟರವರೆಗೆ ಡೆಬಿಯನ್ ಮತ್ತು ಉಬುಂಟು ಮಷೀನ್‌ಗಳಲ್ಲಿ ಹುಟ್ಟಿದ ಕೀಗಳನ್ನೆಲ್ಲ ಎಸೆಯಬೇಕಾಯ್ತು. ಮೂಲ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಈ ತೊಂದರೆ ಇರಲೇ ಇಲ್ಲ. ಬೇರೆಯವರ ಕೋಡ್‌ಗೆ ಪ್ಯಾಚ್ ಹಾಕೋದಾದರೆ ಅದು ಬೇರೆ ಫೈಲ್ ಆಗಿ ಕಣ್ಣಿಗೆ ಕಾಣೋ ಹಾಗೆ ಇರಲಿ, ಯಾಕೆ ಅಂತ ಮೇಲೆ ಒಂದು ಸಾಲು ಇರಲಿ, ಮೂಲದವರಿಗೂ ಕಳಿಸಿ ಅಂತ ದೊಡ್ಡವರು ಹೇಳೋದು ಇದಕ್ಕೇ.

ಬರೆಯದಿದ್ದರೂ ಓದೋಕಾದರೂ ಬರಬೇಕು. ಆರ್ಚ್‌ನಲ್ಲಿ ಎಯುಆರ್ ಅಂತ ಇದೆ, ಯಾರು ಬೇಕಾದರೂ ಪಿಕೆಜಿಬಿಲ್ಡ್ ಹಾಕಬಹುದಾದ ಜಾಗ. 2018ರ ಜುಲೈನಲ್ಲಿ ಅಲ್ಲಿ ಮಾಲೀಕರಿಲ್ಲದೆ ಬಿದ್ದಿದ್ದ ಆಕ್ರೋರೀಡ್ ಪ್ಯಾಕೇಜನ್ನು ಒಬ್ಬರು ತಮ್ಮ ಹೆಸರಿಗೆ ತಗೊಂಡು, ಇಂಟರ್‌ನೆಟ್‌ನಿಂದ ಇನ್ನೊಂದು ಸ್ಕ್ರಿಪ್ಟ್ ಇಳಿಸಿ ಓಡಿಸೋ ಸಾಲು ಸೇರಿಸಿದ್ದರು. ಬೇಗ ಸಿಕ್ಕಿಬಿತ್ತು, ಕಾರಣ ಆ ಫೈಲ್ ಚಿಕ್ಕದು, ಓದಿದರೆ ಕಣ್ಣಿಗೆ ಹೊಡೆಯುತ್ತೆ. ಓದೋಕೆ ಎರಡು ನಿಮಿಷ ಸಾಕು. ಸೋರ್ಸ್ ಲಿಂಕ್ ಮೂಲ ಪ್ರಾಜೆಕ್ಟ್‌ನದ್ದೇನಾ, ಚೆಕ್‌ಸಮ್ ಇದೆಯಾ, ಫಂಕ್ಷನ್‌ಗಳ ಒಳಗೆ ಕರ್ಲ್ ಅಥವಾ ವಿಗೆಟ್ ಯಾಕಿದೆ, ಇನ್‌ಸ್ಟಾಲ್ ಆಗುವಾಗ ರೂಟ್ ಆಗಿ ಓಡೋ ಡಾಟ್ ಇನ್‌ಸ್ಟಾಲ್ ಫೈಲ್‌ನಲ್ಲಿ ಏನಿದೆ. ಇಂಟರ್ನಲ್ಸ್ ಹಿಂದಿನ ರಾತ್ರಿ ನೋಟ್ಸ್ ಓದೋದಕ್ಕಿಂತ ಸುಲಭ, ಖಂಡಿತ.

ಮೊದಲ ಸ್ಕ್ರಿಪ್ಟ್ ಬರೆಯೋಕೆ ಐಕಾರಸ್ ದೊಡ್ಡದು ಅನ್ನಿಸಿದರೆ ಒಂದು ಕನ್ನಡ ಫಾಂಟ್ ತಗೊಳ್ಳಿ. ಗುಬ್ಬಿ, ನವಿಲು ಅನ್ನೋ ಎರಡು ಮುಕ್ತ ಫಾಂಟ್‌ಗಳು ಡೆಬಿಯನ್‌ನಲ್ಲಿ ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು ಅಂತ ಪ್ಯಾಕೇಜ್ ಆಗಿವೆ. ಅವುಗಳ ಬಿಲ್ಡ್ ಫೈಲುಗಳನ್ನು ಆಪ್ಟ್ ಸೋರ್ಸ್ ಕಮಾಂಡ್‌ನಿಂದ ಇಳಿಸಿ ನೋಡಬಹುದು. ಫಾಂಟ್‌ಗೂ ಸೋರ್ಸ್ ಇರುತ್ತೆ: ಫಾಂಟ್‌ಫೋರ್ಜ್‌ನಲ್ಲಿ ಬರೆದದ್ದಾದರೆ ಎಸ್‌ಎಫ್‌ಡಿ ಫೈಲ್, ಅದರಿಂದ ಟಿಟಿಎಫ್ ಹುಟ್ಟಿಸಬೇಕು. ಪಿಕೆಜಿಬಿಲ್ಡ್‌ನಲ್ಲಿ ಆರ್ಕಿಟೆಕ್ಚರ್ ‘ಎನಿ’ ಅಂತ ಹಾಕಿ, ಯಾವ ಪ್ರೊಸೆಸರ್ ಆದರೂ ಅಕ್ಷರ ಅದೇ ತಾನೇ. ಮೇಕ್‌ಡಿಪೆಂಡ್ಸ್‌ನಲ್ಲಿ ಫಾಂಟ್‌ಫೋರ್ಜ್, ಡಿಪೆಂಡ್ಸ್ ಖಾಲಿ. ಪ್ಯಾಕೇಜ್ ಫಂಕ್ಷನ್‌ನಲ್ಲಿ ಎರಡೇ ಸಾಲು: ಟಿಟಿಎಫ್ ಅನ್ನು ಯುಎಸ್‌ಆರ್ ಶೇರ್ ಫಾಂಟ್ಸ್ ಒಳಗೆ, ಲೈಸೆನ್ಸ್ ಫೈಲನ್ನು ಯುಎಸ್‌ಆರ್ ಶೇರ್ ಲೈಸೆನ್ಸಸ್ ಒಳಗೆ. ಲೈಸೆನ್ಸ್ ಸಾಲನ್ನು ಬಿಡಬೇಡಿ. ಮೇಕ್‌ಪಿಕೆಜಿ ಓಡಿಸಿ, ಬಂದ ಪ್ಯಾಕೇಜನ್ನು ನ್ಯಾಮ್‌ಕ್ಯಾಪ್‌ಗೆ ಕೊಟ್ಟು ತಪ್ಪು ಹುಡುಕಿಸಿ, ಆಮೇಲೆ ಪ್ಯಾಕ್‌ಮ್ಯಾನ್‌ನಿಂದ ಇನ್‌ಸ್ಟಾಲ್ ಮಾಡಿ. ಎಫ್‌ಸಿ-ಲಿಸ್ಟ್‌ಗೆ ಭಾಷೆ ‘ಕೆಎನ್’ ಅಂತ ಕೊಟ್ಟು ಕೇಳಿದರೆ, ಪಟ್ಟಿಯಲ್ಲಿ ಫಾಂಟ್ ಹೆಸರು ಕಾಣಬೇಕು.